ಲೈಟಿನ ಪಾಲು

ಹೊನ್ನಾವರಕ್ಕೆ ಕರೆಂಟು ತಂದವರು ಯಾರೆಂದು ಕೇಳಿದರೆ ಪೇಟೆಯವರು ಲೈಟಿನ ಕಂಪನಿಯ ಹೆಸರು ಹೇಳುತ್ತಾರೆ. ಕಂಪನಿಯವರು ತಮ್ಮ ಚೇರಮನ್ನರ ಹೆಸರು ಹೇಳುತ್ತಾರೆ; ಆಫೀಸಿನಲ್ಲಿ ಅವರ ಫೋಟೋಕ್ಕೆ ಗಂಧದ ಹಾರ ಬೇರೆ ಹಾಕಿದ್ದಾರೆ. ನಿಜವಾಗಿ ತಂದವನು ದೋಣಿಯ ಯಜಮಾನ ಈರ ತಾಂಡೇಲ. ಮುಂಬಯಿಯಿಂದ ಬಂದ ಇಂಜಿನ್ನನ್ನು ನಡುನೀರಿನಲ್ಲಿ ಆಗಬೋಟಿನಿಂದ ಇಳಿಸಿಕೊಂಡು, ತನ್ನವೇ ಎರಡು ದೋಣಿ ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ಶರಾವತಿಯ ಅಳಿವೆ ದಾಟಿಸಿ ದಕ್ಕೆಗೆ ಮುಟ್ಟಿಸಿದವನು ಅವನು. ಅವನ ಮನೆಯಲ್ಲಿ ಮಾತ್ರ ಇವತ್ತಿಗೂ ಚಿಮಣಿ ಬುಡ್ಡಿಯೇ ಉರಿಯುತ್ತದೆ.

ಆಗ ಕಂಪನಿ ಹೊಸತು. ಬಾಡಿಗೆ ಕೊಡಲು ಕೈಯಲ್ಲಿ ರೊಕ್ಕವಿರಲಿಲ್ಲ. ಅದರ ಬದಲು ನೂರು ರೂಪಾಯಿಯ ಒಂದು ಷೇರು ಬರೆದುಕೊಟ್ಟರು. ಹಸಿರು ಅಂಚಿನ ಒಂದೇ ಕಾಗದ. ಈರ ಅದನ್ನು ಹಿಡಿದುಕೊಂಡು ದಂಡೆಗೆ ಬಂದು ಪೇಚಿಗೆ ಸಿಕ್ಕಿದ. ಕಡಲಿನ ದುಡಿಮೆ ಯಾರೊಬ್ಬನದೂ ಅಲ್ಲ. ಬಲೆಗೆ ಬಿದ್ದದ್ದಿರಲಿ, ಬಾಡಿಗೆಯಿಂದ ಬಂದದ್ದಿರಲಿ, ಅರ್ಧ ದೋಣಿಗೆ, ಅರ್ಧ ಹುಟ್ಟು ಹಾಕಿದವರಿಗೆ. ಅದೂ ಅವತ್ತೇ, ಉಸುಕಿನ ಮೇಲೆಯೇ. ತಾಂಡೇಲ ಪಾಲು ಮಾಡಿಡುತ್ತಾನೆ. ಇನ್ನೊಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ತಾಂಡೇಲ ಒಂದೊಂದು ಪಾಲಿಗೆ ಬೆರಳು ತೋರಿಸಿ ‘ಇದು ಯಾರಿಗೆ’ ಎಂದು ಕೇಳಿದರೆ ಬೆನ್ನು ತಿರುಗಿಸಿದವನು ಹೆಸರು ಕರೆಯಬೇಕು. ಯಾವ ಪಾಲು ದೊಡ್ಡದು, ಯಾವುದು ಸಣ್ಣದು ಅವನಿಗೆ ಕಾಣುವುದಿಲ್ಲವಲ್ಲ, ಆದ್ದರಿಂದ ಯಾರೂ ತಕರಾರು ಮಾಡುವಂತಿಲ್ಲ.

ಅವತ್ತು ಈರನ ಜತೆ ಹುಟ್ಟು ಹಾಕಿದವರು ನಾಲ್ವರು: ಇದೇ ದಂಡೆಯ ಸುಕ್ರ, ಪಕ್ಕದ ಮನೆಯ ಜಟ್ಟಿ, ಕಾಯ್ಕಿಣಿಯ ಮಾಸ್ತಿ, ಬೆಳಕೆಯ ಮಂಜ. ಇಂಜಿನ್ನು ಇಳಿಸುವಾಗ ಸರಪಳಿ ಜಾರಿ ಜಟ್ಟಿಯ ಪಾದ ಜಜ್ಜಿಹೋಗಿತ್ತು. ಸಾಯುವ ತನಕ ಕುಂಟಿದ. ಒಂದು ಕಾಗದವನ್ನು ಇವರಿಗೆಲ್ಲ ಹಂಚುವುದು ಹೇಗೆ? ಈರ ಅಂದಿದ್ದ, “ಇದು ಹರೂಕೆ ಬರೂದಿಲ್ಲ. ಹರೂಕೆ ಬಂದ ದಿವಸ ಪಾಲು ಮಾಡ್ವ. ಅಲ್ಲೀವರೆಗೆ ಇದರಿಂದ ಬಂದದ್ದನ್ನ ಒಟ್ಟಿಗೆ ಕೂತು ಉಣ್ವ.”

ಹಾಗೆಯೇ ನಡೆಯಿತು. ವರ್ಷಕ್ಕೊಮ್ಮೆ ಕಂಪನಿಯಿಂದ ಆರು ರೂಪಾಯಿ ಲಾಭಾಂಶ ಬಂದ ವಾರ ಈರನ ಮನೆಯಲ್ಲಿ ಕೋಳಿ ಸಾರು, ರೊಟ್ಟಿ. ನಾಲ್ಕೂ ಮನೆಯವರು ಹೆಂಡಿರು ಮಕ್ಕಳ ಸಮೇತ ಬಂದು ಉಂಡು ಹೋಗುತ್ತಿದ್ದರು. ಲೈಟಿನ ಊಟ ಎಂದೇ ಅದಕ್ಕೆ ಹೆಸರು. ಈರ ಸತ್ತ ಮೇಲೆ ಕಾಗದ ಹೆಂಡತಿ ತಿಮ್ಮಕ್ಕನ ಹೆಸರಿಗಾಯಿತು, ಉಳಿದಿದ್ದ ಒಂದು ದೋಣಿ ಮಗ ಗಣಪನ ಕೈಗೆ ಬಂತು. ಗಣಪ ಮೊದಲು ಮಾಡಿದ ಕೆಲಸ ಆ ಊಟ ನಿಲ್ಲಿಸಿದ್ದು.

ಅರವತ್ತೊಂದರ ನವರಾತ್ರಿ ಮುಗಿದ ವಾರ ಕಂಪನಿಯ ನೋಟೀಸು ಬಂತು. ಗಣಪ ನಾಲ್ಕನೆಯ ಇಯತ್ತೆ ಓದಿದವನು. ಉಣ್ಣುತ್ತಿದ್ದವನು ಎಡಗೈಯಲ್ಲಿ ಅದನ್ನು ಹಿಡಿದು ಮೊದಲ ನಾಲ್ಕು ಸಾಲು ಓದಿದ. ಮುಂದಿನದು ಬಿಗಿಯಾದ ಕನ್ನಡ; ಬಿಟ್ಟ.

“ಅವ್ವಿ, ಒಂದು ಷೇರಿಗೆ ಹತ್ತು ಷೇರು ಕೊಡ್ತ್ರು ಅಂತ ಬರದೀರು.”

“ಯಾರಿಗೆ?”

“ನಮಗೇ. ಹಳೇ ಕಾಗದ ಕೊಟ್ರೆ ಹೊಸಾ ಹತ್ತು.”

ತಿಮ್ಮಕ್ಕ ಬಂಗಡೆ ಸಾರಿನ ಗಡಿಗೆಗೆ ಮುಚ್ಚಳ ಮುಚ್ಚಿದಳು. “ಮನೆಗೆ ಲೈಟ್ ಕೊಡಿ ಅಂದ್ರೆ ಕಂಬದ ಖರ್ಚು ನೀವೇ ಹಾಕಿ ಅಂದವ್ರು. ಅವ್ರು ಒಂದಕ್ಕೆ ಹತ್ತು ಕೊಡ್ತ್ರಾ?”

“ಕಂಪನಿ ದೊಡ್ಡದಾತು, ಕೊಡ್ತ್ರು. ನಿಂಗೆ ಎಲ್ಲದ್ರಲ್ಲೂ ಸಂಶಯ.”

ಗಣಪನ ಹೆಂಡತಿ ದುರ್ಗಮ್ಮ ಸಂಶಯಪಡಲಿಲ್ಲ. ಅವಳಿಗೆ ಸಂಶಯಪಡುವಷ್ಟು ಪುರುಸೊತ್ತು ಇರಲಿಲ್ಲ. ಹಳೆಯ ಹತ್ತಿಯ ಬಲೆಗೆ ಪ್ರತಿ ಸಂಜೆ ತೇಪೆ ಹಾಕಿ ಅವಳ ಬೆರಳು ಸಿಗಿದುಹೋಗಿತ್ತು. ಪಕ್ಕದ ದೋಣಿಯವರು ನೈಲಾನ್ ಬಲೆ ತಂದು ಎರಡು ಪಟ್ಟು ಮೀನು ಹಿಡಿಯುತ್ತಿದ್ದರು. “ಹತ್ತು ನೂರು ಅಂದ್ರೆ ಸಾವಿರ ಆತಲ್ರಾ,” ಎಂದಳು, ಗಂಡನ ಎಲೆಗೆ ಇನ್ನೊಂದು ಬಂಗಡೆ ಹಾಕಿ.

ಗಣಪ ಅಂದೇ ಸಂಜೆ ದಂಡೆಯವರಿಗೆಲ್ಲ ಹೊಟೇಲಿನಲ್ಲಿ ಚಾ ಕುಡಿಸಿದ. ಬಲೆ ತುಂಬಿ ಬಂದ ದಿವಸ ನೆರೆಮನೆಯ ಸಾರಿಗೆ ಮೀನು ಹಂಚುವುದು ಅವರಲ್ಲಿ ವಾಡಿಕೆ. ಕಾಗದಕ್ಕೂ ಅದನ್ನೇ ಮಾಡಿದ ಬುದ್ಧಿವಂತ.

ಮರುದಿನ ಬಸ್ಸು ಹತ್ತಿ ಕುಮಟೆಗೆ ಹೋದ. ಅಲ್ಲಿ ಕಮಲಾಕರ ಪೈಗಳದು ಬಲೆಯ ನೂಲಿನ ಅಂಗಡಿ. ಸಾವಿರ ರೂಪಾಯಿಯ ಧಿಮಾಕಿನಲ್ಲಿ ನೈಲಾನ್ ನೂಲಿನ ಉಂಡೆಗಳನ್ನು ಆರಿಸಿ ಒಟ್ಟು ಮಾಡಿಟ್ಟು ನೋಟೀಸು ತೋರಿಸಿದ. ಪೈಗಳು ಕನ್ನಡಕ ಏರಿಸಿ ಓದಿ, ನಗು ತಡೆಯದೆ ಎಲೆಯಡಿಕೆಯ ರಸ ಉಗುಳಿಬಂದರು.

“ಮಾರಾಯಾ, ಒಂದರ ಜತೆ ಇನ್ನೊಂಬತ್ತು ಕೊಡೂದಲ್ಲ ಇದು. ನೂರರದ್ದನ್ನ ಕಡಿದು ಹತ್ತು ಮಾಡಿದ್ದಾರೆ. ಒಂದೊಂದು ಹತ್ತು ರೂಪಾಯಿದು.”

ಗಣಪನ ಮುಖ ಸಣ್ಣದಾಯಿತು.

“ಇನ್ನೂ ಕೇಳು. ಮೊದಲು ನಿನ್ನ ಷೇರಿಗೆ ವರ್ಷಕ್ಕೆ ಆರು ರೂಪಾಯಿ ಬರ್ತಿತ್ತು ಅಲ್ಲವಾ? ಇನ್ನು ಷೇರಿಗೆ ಅರವತ್ತು ಪೈಸೆ. ನಾಳೆ ಅದೂ ಇಲ್ಲ. ನೀನು ನಮ್ಮ ಗಿರಾಕಿ ಅಂತ ಹೇಳ್ತೇನೆ, ಒಂದಕ್ಕೆ ಎಂಟು ರೂಪಾಯಿಯ ಹಾಗೆ ಹತ್ತನ್ನೂ ನಾನು ತಕೊಳ್ತೇನೆ. ನೂಲು ಈಗಲೇ ಒಯ್ಯಿ. ತಾಯಿಯ ಹೆಬ್ಬೆಟ್ಟು ಮಾತ್ರ ತಂದುಕೊಡು.”

ಹತ್ತೂ ಸೇರಿದರೆ ಅದೇ ಆರು ರೂಪಾಯಿ ಎಂದು ಪೈಗಳು ಹೇಳಲಿಲ್ಲ. ಗಣಪನಿಗೆ ಹೊಳೆಯಲಿಲ್ಲ. ಆರು ರೂಪಾಯಿ ಅರವತ್ತು ಪೈಸೆಯಾಯಿತು ಎಂಬುದೊಂದೇ ಅವನ ತಲೆಯಲ್ಲಿ ಗುಂಯ್ ಎನ್ನುತ್ತಿತ್ತು. ನೂಲಿನ ಗಂಟು ಹೊತ್ತು, ಅಚ್ಚಾದ ಫಾರಮ್ಮು ಕಿಸೆಯಲ್ಲಿಟ್ಟು ಮನೆಗೆ ಬಂದ.

ಅವತ್ತು ಗಂಜಿ, ಸುಟ್ಟ ಒಣಮೀನು. ಗಣಪ ಫಾರಮ್ಮನ್ನು ತಾಯಿಯ ಮುಂದೆ ಇಟ್ಟ. ಅಂಗಡಿಯ ಮಾತನ್ನೆಲ್ಲ ಹೇಳಿದ.

“ಹೆಬ್ಬೆಟ್ಟು ಒತ್ತು ಅವ್ವಿ. ಬೆಲೆ ಇದ್ದಾಗ್ಲೇ ಕೊಟ್ಟುಬಿಡ್ವ.”

“ಪೈಗಳು ನಷ್ಟದ ಸಾಮಾನು ಯಾವಾಗಿಂದ ತಕಂಬೂಕೆ ಶುರು ಮಾಡಿರು?”

“ನಮ್ಮ ಮೇಲಿನ ದಯದಿಂದ.”

“ಅವ್ರ ಅಂಗಡೀಲಿ ಒಂದು ಸೂಜಿ ಕಡ ಹೇಳಿದ್ರೆ ಮೂರು ಸಲ ನೆನಪು ಮಾಡ್ತ್ರು. ದಯ ಅಂತೆ.” ತಿಮ್ಮಕ್ಕ ಗಂಜಿಯ ತಟ್ಟೆ ಎತ್ತಿ ಉಳಿದದ್ದನ್ನು ಕುಡಿದಳು. “ನಾ ಒತ್ತೂದಿಲ್ಲ. ಮೊದ್ಲು ಆಫೀಸಿಗೆ ಹೋಗಿ ಕೇಳ್ತೆ.”

“ನೀ ಹೋತ್ಯಾ? ಮೀನು ಬುಟ್ಟಿ ಹೊತ್ತವ್ರನ್ನ ಅಲ್ಲಿ ಮೆಟ್ಲು ಹತ್ತಿಸ್ಕಂತ್ರಾ?”

“ಬುಟ್ಟಿ ಕೆಳಗೆ ಇಟ್ಟು ಹತ್ತತೆ.”

ಹಾಗೆಯೇ ಮಾಡಿದಳು. ಬೆಳಗ್ಗೆ ಮೀನು ಮಾರಿ, ಬುಟ್ಟಿಯನ್ನು ಆಫೀಸಿನ ಬಾಗಿಲ ಬುಡದಲ್ಲಿ ಕವುಚಿ, ಸೆರಗು ಸರಿಮಾಡಿ ಒಳಗೆ ಹೋದಳು. ಗುಮಾಸ್ತ ಕೃಷ್ಣಾನಂದ ಮಡಿವಂತ ಮನುಷ್ಯ. ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡಿದ. ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟ. ಅದು ಅವನ ದೊಡ್ಡತನ.

“ಮೊದಲು ಒಂದು ಕಾಗದಕ್ಕೆ ಆರು ರೂಪಾಯಿ. ಈಗ ಹತ್ತು ಕಾಗದಕ್ಕೆ ಸೇರಿ ಆರು ರೂಪಾಯಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.”

“ಅಂದ್ರೆ ಒಂದು ಇಸೋಣ ಮೀನನ್ನ ಹತ್ತು ತುಂಡು ಮಾಡ್ದಾಂಗೆ. ತುಂಡು ಹತ್ತಾದ್ರೂ ಮೀನು ಒಂದೇ.”

ಮೀನಿನ ಉದಾಹರಣೆ ಕೃಷ್ಣಾನಂದನಿಗೆ ಹಿಡಿಸಲಿಲ್ಲ. ಆದರೂ ತಲೆಯಾಡಿಸಿದ.

“ಮತ್ತೆ ಎಂತಕೆ ಕಡದಿರು ಒಡೆಯಾ?”

“ನೂರು ರೂಪಾಯಿ ಒಮ್ಮೆಲೇ ಹಾಕುವವರು ಎಷ್ಟು ಜನ ಇದ್ದಾರೆ? ಹತ್ತು ರೂಪಾಯಿದಾದರೆ ಯಾರೂ ತೆಗೆದುಕೊಳ್ಳಬಹುದು. ಇದ್ದವರು ಒಂದೆರಡನ್ನು ಯಾರಿಗಾದರೂ ಕೊಟ್ಟು ಉಳಿದದ್ದು ಇಟ್ಟುಕೊಳ್ಳಬಹುದು.”

“ಯಾರಿಗೆ ಬೇಕಾರೂ ಕೊಡೂಕೆ ಬತ್ತದಾ?”

“ನಿಮ್ಮ ಹೆಬ್ಬೆಟ್ಟು, ತೆಗೆದುಕೊಳ್ಳುವವರ ಹೆಬ್ಬೆಟ್ಟು ಇದ್ದರೆ ಆಯಿತು. ಮಾರುವುದಾದರೆ ಮಾತ್ರ ಅವಸರ ಮಾಡಬೇಡಿ. ಹತ್ತರದ್ದಕ್ಕೆ ಈಗ ಹದಿನಾಲ್ಕು ನಡೆಯುತ್ತಿದೆ. ಶರಾವತಿಗೆ ಕಟ್ಟೆ ಕಟ್ಟುತ್ತಿದ್ದಾರಲ್ಲ, ನಾಳೆ ಸರಕಾರವೇ ಕಂಪನಿಯನ್ನು ಕೊಂಡರೆ ಒಳ್ಳೆ ಬೆಲೆ ಬರುತ್ತದೆ ಅಂತ ಕೆಲವರು ಸದ್ದಿಲ್ಲದೆ ಒಟ್ಟು ಮಾಡುತ್ತಿದ್ದಾರೆ.”

ಹಳೆಯ ಕಾಗದ ಕೊಟ್ಟು ಹೊಸ ಹತ್ತನ್ನು ಪಡೆದು ತಿಮ್ಮಕ್ಕ ಮನೆಗೆ ಬಂದಳು. ಪೈಗಳ ಎಂಟು ರೂಪಾಯಿಯ ದಯದ ಸುದ್ದಿಯನ್ನು ಮಗನಿಗೆ ಆಮೇಲೆ ಹೇಳಿದಳು. ಮೊದಲು ಹೇಳಿದ್ದು ಬೇರೆ.

“ಗಣಪಾ, ಕಾಗದ ಹರೂಕೆ ಬಂತು. ಪಾಲು ಮಾಡೂದು.”

“ಯಾರ ಪಾಲು?”

“ನಿನ್ನಪ್ಪ ಹೇಳಿದ್ನಲ್ಲ. ಅರ್ಧ ದೋಣಿಗೆ, ಐದು. ಉಳಿದ ಐದು ಹುಟ್ಟು ಹಾಕಿದವ್ರಿಗೆ. ಒಂದು ನಿನ್ನಪ್ಪಂದು. ನಾಲ್ಕು ಆ ಮನೆಗಳದ್ದು.”

ಗಣಪ ಬಲೆಯ ಸೂಜಿಯನ್ನು ನೆಲಕ್ಕೆ ಒಗೆದ. “ನಿಂಗೆ ತಲೆ ಸಮ ಅದೆಯಾ? ಆ ನಾಲ್ವರಲ್ಲಿ ಸುಕ್ರಜ್ಜ ಒಬ್ನೇ ಉಳಿದ್ದು. ಬಾಕಿಯವ್ರ ಮಕ್ಕಳಿಗೆ ಊಟ ಗೊತ್ತು, ಕಾಗದದ ಸುದ್ದಿ ಗೊತ್ತಿಲ್ಲ. ಯಾರು ಕೇಳೂಕೆ ಬಂದೀರು?”

“ಕೇಳೂಕೆ ಬಂದ್ರೆ ಕೊಡೂದು ಸಾಲ. ಕೇಳ್ದೆ ಕೊಡೂದು ಪಾಲು.”

“ಇಷ್ಟು ವರ್ಷ ಕೋಳಿ ತಿಂದೀರು. ಅದು ಸಾಕು.”

“ಅದನ್ನೂ ನೀ ನಿಲ್ಸಿದೆ.”

ದುರ್ಗಮ್ಮ ಒಲೆಯ ಮುಂದಿನಿಂದಲೇ ಸೊಲ್ಲೆತ್ತಿದಳು. “ಅತ್ತೆ, ನೀವು ಹೇಳೂದು ಧರ್ಮ, ಇಲ್ಲ ಅಂಬೂದಿಲ್ಲ. ಆದ್ರೆ ಮನೇಲಿ ನಾಡಿದ್ದಿಗೆ ಅಕ್ಕಿ ಇಲ್ಲ. ಹರಕು ಬಲೆ ಹೊಲ್ದು ಹೊಲ್ದು ನನ್ನ ಕೈ ನೋಡಿ. ನಿಮ್ಮ ಧರ್ಮಕ್ಕೆ ನನ್ನ ಬೆರಳೇ ಬೇಕಾ?”

ತಿಮ್ಮಕ್ಕ ಸೊಸೆಯ ಕೈ ನೋಡಿದಳು. ಸಂಕಟವಾಯಿತು. ಆದರೂ ಸೋಲಲಿಲ್ಲ. “ಜಟ್ಟಿ ಕಾಲು ನೀ ನೋಡ್ಲಿಲ್ಲ ದುರ್ಗಿ, ನಾ ನೋಡಿದ್ದೆ,” ಎಂದಳು. “ಬಲೆಗೆ ದೋಣಿ ಪಾಲು ಐದು ಅದೆ. ಬೇರೆಯವ್ರದ್ದು ಬೇಡ.”

ಅಂದಿನಿಂದ ಗಣಪ ಊಟಕ್ಕೆ ಮನೆಗೆ ಬರುವುದನ್ನೇ ಬಿಟ್ಟು ಹೊಟೇಲಿನ ಬನ್ನು ಚಾದಲ್ಲಿ ದಿನ ಕಳೆದ. ಹಟ ಅವನಿಗೆ ಅಪ್ಪನಿಂದ ಬಂದದ್ದಲ್ಲ. ಯಾರಿಂದ ಬಂತೆಂದು ಇಡೀ ದಂಡೆಗೆ ಗೊತ್ತಿತ್ತು. ತಿಮ್ಮಕ್ಕ ಹತ್ತೂ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು, ಹೊಳೆ ದಾಟಿ, ಆಚೆ ದಡದ ಕಾಸರಕೋಡಿನಲ್ಲಿ ಬಸ್ಸು ಹಿಡಿದು ಕಾಯ್ಕಿಣಿಗೆ ಹೋದಳು. ಮಾಸ್ತಿಯ ಮಗ ಗದ್ದೆ ಕೆಲಸಕ್ಕೆ ಹೋಗುತ್ತಿದ್ದ. ಕಾಗದದ ಸುದ್ದಿ ಕೇಳಿ, ತನ್ನಿಂದ ಏನೋ ವಸೂಲಿಗೆ ಬಂದಿದ್ದಾಳೆ ಎಂದು ಹೆದರಿದ. ತಿಳಿದ ಮೇಲೆ ಎಳನೀರು ಕೆತ್ತಿಕೊಟ್ಟ. ಬೆಳಕೆಯಲ್ಲಿ ಮಂಜನ ಹೆಂಡತಿ ಹನುಮಕ್ಕ, “ಲೈಟಿನ ಊಟ ಯಾಕೆ ನಿಲ್ಸಿದ್ರಿ?” ಎಂದು ಮೊದಲು ಅದನ್ನೇ ಕೇಳಿದಳು. ತಿಮ್ಮಕ್ಕನಿಗೆ ನಾಚಿಕೆಯಾಯಿತು. ದೀಪಾವಳಿ ಕಳೆದ ಆದಿತ್ಯವಾರ ದಂಡೆಗೆ ಬನ್ನಿ ಎಂದು ಇಬ್ಬರಿಗೂ ಹೇಳಿ ಮರಳಿದಳು.

ಅವಳು ಬರುವಷ್ಟರಲ್ಲಿ ಮನೆಯ ಜಗುಲಿಯ ಮೇಲೆ ಕಮಲಾಕರ ಪೈಗಳು ಕೂತಿದ್ದರು. ಗಣಪ ಕಂಬಕ್ಕೊರಗಿ ನಿಂತಿದ್ದ. ದುರ್ಗಮ್ಮ ಬೆಲ್ಲ ನೀರು ಕೊಟ್ಟಿದ್ದಳು, ಪೈಗಳು ಮುಟ್ಟಿರಲಿಲ್ಲ.

“ತಿಮ್ಮಕ್ಕ, ನೂಲು ಕೊಟ್ಟು ಹದಿನೈದು ದಿವಸ ಆಗ್ತಾ ಬಂತು. ಒಂದು ಹೆಬ್ಬೆಟ್ಟಿಗೆ ಇಷ್ಟು ಸತಾಯಿಸಿದರೆ ಹೇಗೆ?”

“ಕಾಗದಕ್ಕೆ ಬೆಲೆ ಇಲ್ಲ ಅಂದಿರಂತೆ.”

“ಇಲ್ಲ. ಅರವತ್ತು ಪೈಸೆಯ ಕಾಗದ.”

“ಬೆಲೆ ಇಲ್ಲದ್ದಕ್ಕೆ ಕುಮಟೆಯಿಂದ ಅಂಗಡಿ ಮುಚ್ಚಿ ಬಂದಿರಾ?”

ಪೈಗಳಿಗೆ ಸಿಟ್ಟು ಬಂತು. ಮಾತು ಜಾರಿತು. “ದೋಣಿಯವರಿಗೆ ಕಂಪನಿಯ ಷೇರು ಯಾಕೆ? ಮೀನಿನ ಪಾಲು ಹಂಚಿಕೊಳ್ಳುವುದು ಬಿಟ್ಟು ನಿಮಗೆ ಬೇರೆ ಏನು ತಿಳಿಯುತ್ತದೆ?”

ಗಣಪ ತಲೆ ತಗ್ಗಿಸಿದ. ಉತ್ತರ ಬಂದದ್ದು ಯಾರೂ ಎಣಿಸದ ಕಡೆಯಿಂದ. ದುರ್ಗಮ್ಮ ಒಳಗೆ ಹೋಗಿ ನೂಲಿನ ಗಂಟು ತಂದು ಪೈಗಳ ಕಾಲ ಬುಡದಲ್ಲಿ ಇಟ್ಟಳು. ಒಂದು ಉಂಡೆ ಮಾತ್ರ ಬಿಚ್ಚಿತ್ತು.

“ಬಿಚ್ಚಿದ್ದಕ್ಕೆ ರೊಕ್ಕ ನಾ ಮೀನು ಮಾರಿ ಕಳಸ್ತೆ. ಬಾಕೀದು ಎಣಿಸ್ಕಣಿ.”

“ದುರ್ಗೀ,” ಎಂದ ಗಣಪ.

“ಎಂತ? ಹದಿನಾಲ್ಕಕ್ಕೆ ಹೋಗೂದನ್ನ ಎಂಟಕ್ಕೆ ಕೇಳ್ತ್ರು, ಮೇಲಿಂದ ತಿಳಿಯೂದಿಲ್ಲ ಅಂತ್ರು. ಹರಕು ಬಲೆ ಇನ್ನೊಂದು ವರ್ಷ ಹೊಲಿತೆ. ಇದನ್ನ ಕೇಳ್ಕಂಡು ಕೂತ್ಕಂಬೂದಿಲ್ಲ.”

ಪೈಗಳು ಗಂಟು ಹೊರಿಸಿಕೊಂಡು ಹೋದರು. ಗಣಪ ಅವರ ಹಿಂದೆ ಹೋಗಲಿಲ್ಲ, ಒಳಗೂ ಬರಲಿಲ್ಲ. ಹೆಂಡತಿಯೂ ತಾಯಿಯೂ ಒಂದಾದ ಮನೆಯಲ್ಲಿ ಗಂಡಸಿಗೆ ನಿಲ್ಲಲು ಜಾಗ ಹುಡುಕುವುದು ಕಷ್ಟವೇ.

ಆದಿತ್ಯವಾರ ಹೊತ್ತು ಇಳಿಯುವ ಮೊದಲು ದಂಡೆಯಲ್ಲಿ ಜನ ಸೇರಿದರು. ಕಾಯ್ಕಿಣಿಯಿಂದ ಮಾಸ್ತಿಯ ಮಗ ಬಂದ, ಬೆಳಕೆಯಿಂದ ಹನುಮಕ್ಕ ಬಂದಳು. ಕಣ್ಣು ಮಂಜಾದ ಸುಕ್ರಜ್ಜನನ್ನು ಜಟ್ಟಿಯ ಹೆಂಡತಿ ಬೆಳ್ಳಿ ಕೈ ಹಿಡಿದು ಕರೆತಂದಳು. ಗುಮಾಸ್ತ ಕೃಷ್ಣಾನಂದ ಶಾಯಿಯ ಡಬ್ಬಿ, ಫಾರಮ್ಮುಗಳೊಡನೆ ಗಾಳಿ ಬೀಸುವ ದಿಕ್ಕು ನೋಡಿಕೊಂಡು ದೂರ ನಿಂತ. ಆಫೀಸಿನ ಹೊರಗೆ ಅವನು ಕಂಪನಿಯ ಕೆಲಸ ಮಾಡಿದ್ದು ಅದೇ ಮೊದಲು. ತಿಮ್ಮಕ್ಕ ಅವನ ಮನೆಯ ಬಾಗಿಲಲ್ಲಿ ಕೂತು ಒಪ್ಪಿಸಿದ್ದಳು.

ಗಣಪನೂ ಅಲ್ಲಿದ್ದ. ಕರೆದವರ ಜತೆಗಲ್ಲ. ಹತ್ತು ಮಾರು ಆಚೆ ದೋಣಿಯ ಬದಿಯಲ್ಲಿ, ಎಲ್ಲರಿಗೂ ಬೆನ್ನು ಹಾಕಿ, ದೋಣಿಯ ಹಲಗೆಯ ಸಂದಿಗೆ ತೆಂಗಿನ ನಾರಿನ ಕತ್ತ ತುಂಬುತ್ತಿದ್ದ. ನಾನಿದಕ್ಕೆ ಸೇರಿದವನಲ್ಲ ಎಂದು ಬೆನ್ನಿನಿಂದಲೇ ಸಾರುತ್ತಿದ್ದ.

ತಿಮ್ಮಕ್ಕ ಉಸುಕನ್ನು ಕೈಯಿಂದ ಸಾಪು ಮಾಡಿ ಕಾಗದಗಳನ್ನು ಹರಡಿ, ಹಾರಿಹೋಗದ ಹಾಗೆ ಒಂದೊಂದರ ಮೇಲೆ ಒಂದೊಂದು ಕಪ್ಪೆಚಿಪ್ಪು ಇಟ್ಟಳು. ದಂಡೆಯ ಹಿರಿಯನೊಬ್ಬ ಗೊಣಗಿದ, “ಹೆಂಗಸು ಪಾಲು ಮಾಡಿದ್ದು ಈ ದಂಡೆಲಿ ಇಲ್ಲ.”

“ಅಳಿವೇಲಿ ಇಂಜಿನ್ ದಾಟಿಸಿದ್ದೂ ಇರ್ಲಿಲ್ಲ,” ಎಂದಳು ತಿಮ್ಮಕ್ಕ. “ತಾಂಡೇಲ ಸತ್ತ. ಅವನ ಹೆಂಡ್ತಿ ಅದೆ. ತೊಂದ್ರೆ ಇದ್ದವ್ರು ಕಣ್ಣು ಮುಚ್ಕಣಿ.”

ದೋಣಿಯ ಐದನ್ನು ಬದಿಗೆ ಸರಿಸಿದಳು. ಅದಕ್ಕೆ ಕೇಳುವುದೇನಿಲ್ಲ. ಉಳಿದ ಐದರಲ್ಲಿ ಮೊದಲನೆಯದಕ್ಕೆ ಬೆರಳು ತೋರಿಸಿ ದಂಡೆಗೆಲ್ಲ ಕೇಳುವಂತೆ ಕೂಗಿದಳು.

“ಇದು ಯಾರಿಗೆ?”

ಹೆಸರು ಕರೆಯಲು ಬೆನ್ನು ತಿರುಗಿಸಿ ನಿಂತವನು ಬೇಕು. ದುರ್ಗಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ತಿರುಗಿ ನಿಲ್ಲಲು ಹೊರಟಳು. ತಿಮ್ಮಕ್ಕ ಕೈ ಅಡ್ಡ ಹಿಡಿದು ತಡೆದಳು. ಅವಳ ಕಣ್ಣು ದೋಣಿಯ ಕಡೆಗಿತ್ತು.

“ಬೆನ್ನು ತಿರುಗ್ಸಿ ನಿಂತವ ಅಲ್ಲೇ ಇದಾ. ಇದು ಯಾರಿಗೆ?”

ಗಣಪನ ಕೈ ನಿಂತಿತು. ಅವನು ತಿರುಗಲಿಲ್ಲ. ಸುಕ್ರಜ್ಜ ಬೆಳ್ಳಿಯನ್ನು “ಕರದ್ನಾ?” ಎಂದು ಕೇಳಿದ. ಆ ಮುದುಕನೇ ಗಣಪನಿಗೆ ಹುಟ್ಟು ಹಿಡಿಯಲು ಕಲಿಸಿದವನು. ದಂಡೆಯಲ್ಲಿ ಹುಟ್ಟಿ ಬೆಳೆದ ಯಾವನೂ ಆ ಪ್ರಶ್ನೆಗೆ ಉತ್ತರ ಕೊಡದೆ ನಿಂತದ್ದಿಲ್ಲ. ಪಾಲು ಕಾಯುತ್ತಿದ್ದರೆ ಹೊಟ್ಟೆಯ ಸಿಟ್ಟು ಹೊಟ್ಟೆಯಲ್ಲಿ ಇರಬೇಕು.

“ಬೆಳ್ಳಕ್ಕಂಗೆ,” ಎಂದ ಗಣಪ.

ದನಿ ಒರಟಾಗಿತ್ತು. ತಿಮ್ಮಕ್ಕ ಕಾಗದ ಎತ್ತಿ ಬೆಳ್ಳಿಯ ಕೈಗೆ ಕೊಟ್ಟಳು. ಬೆಳ್ಳಿ ಅದನ್ನು ಕಣ್ಣಿಗೊತ್ತಿಕೊಂಡು ಅತ್ತೇ ಬಿಟ್ಟಳು.

“ಇದು ಯಾರಿಗೆ?”

“ಸುಕ್ರಜ್ಜಂಗೆ.”

“ಇದು?”

“ಕಾಯ್ಕಿಣಿಗೆ, ಮಾಸ್ತಿ ಮನೆಗೆ.”

“ಇದು?”

“ಬೆಳಕೆ ಹನುಮಕ್ಕಂಗೆ.”

“ಇದು ಯಾರಿಗೆ?”

ಉಳಿದದ್ದು ಒಂದೇ. ಗಣಪನಿಗೂ ಅದು ಗೊತ್ತಿತ್ತು. ಕತ್ತದ ಒಂದು ಎಳೆಯನ್ನು ಸಂದಿಗೆ ಒತ್ತಿ ಹೇಳಿದ.

“ಅಪ್ಪಂಗೆ.”

ತಿಮ್ಮಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೃಷ್ಣಾನಂದನ ಮುಂದೆ ಕೂತು, ಪೈಗಳಿಗೆ ಒಂದು ಸಲವೂ ಒತ್ತದ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ನಾಲ್ಕು ಸಲ ಒತ್ತಿದಳು. ದೋಣಿಯ ಐದು ಕಾಗದಗಳನ್ನು ತೆಗೆದುಕೊಂಡು ಮಗನ ಹತ್ತಿರ ನಡೆದು, ದೋಣಿಯ ಹಲಗೆಯ ಮೇಲೆ ಇಟ್ಟಳು.

“ಇದು ದೋಣೀದು. ಬಲೆಗೆ ಬೇಕು ಅಂದ್ರೆ ಮಾರು. ಹೆಬ್ಬೆಟ್ಟು ನಾ ಒತ್ತತೆ. ಹದಿನಾಲ್ಕಕ್ಕೆ ಒಂದು ಪೈಸೆ ಕಮ್ಮಿ ಕೇಳಿದವ್ರಿಗೆ ಬೇಡ.”

ಗಣಪ ಕಾಗದ ನೋಡಿದ, ತಾಯಿಯ ಕಪ್ಪಾದ ಹೆಬ್ಬೆಟ್ಟು ನೋಡಿದ. ಕೈಯಲ್ಲಿದ್ದ ಕತ್ತವನ್ನು ಕೆಳಗಿಟ್ಟು ಕೊನೆಗೂ ಜನರ ಕಡೆ ತಿರುಗಿದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅದು ಮಾತಿನಲ್ಲೂ ಇತ್ತು.

“ಮುಂದಿನ ವರ್ಷ ಲೈಟಿನ ಊಟಕ್ಕೆ ನಾ ಒಬ್ನೇ ಕೋಳಿ ತರೂದಿಲ್ಲ. ಈಗ ಎಲ್ರ ಹತ್ರನೂ ಕಾಗದ ಅದೆ. ಎಲ್ರೂ ತರ್ಬೇಕು.”